ಹೂಳೆತ್ತಿದ ಮೇಲೆ ನಮ್ಮ ಅಳಿವೆಯ ಬೆಳಚು ಎಲ್ಲಿ ಹೋಯಿತು?

ಹೊಳೆಬದಿ ಅಕ್ಕೋರು ಕೇಳಿದ್ದು:

ನಾನು ಉತ್ತರ ಕನ್ನಡದಲ್ಲಿ ಹೊಳೆ ಕಡಲು ಸೇರುವ ಒಂದು ಅಳಿವೆಯ ದಂಡೆಯವಳು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ಈಗ ನಿವೃತ್ತಳಾಗಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಗುತ್ತಿಗೆ ಯಾರದು, ಬಿಲ್ಲು ಯಾರು ಮಾಡಿದರು ಎಂದು ನಾಳೆ ಬೆಳಿಗ್ಗೆಯೇ ಚಹಾದಂಗಡಿಯಲ್ಲಿ ಪಂಚಾಯಿತಿ ಶುರುವಾಗುತ್ತದೆ. ನನಗೆ ಬೇಕಾದದ್ದು ಉತ್ತರ. ಜಗಳಕ್ಕೆ ನಮ್ಮೂರಿನಲ್ಲಿ ಬೇರೆ ಕಾರಣಗಳು ಸಾಕಷ್ಟಿವೆ.

ನಮ್ಮಮ್ಮ ಬೆಳಚು ಹೆಕ್ಕಿ ನಮ್ಮನ್ನು ಓದಿಸಿದವಳು. (ಹೊಳೆಯ ಮರಳಿನಲ್ಲಿ ಹೂತು ಬದುಕುವ, ತಿನ್ನುವ ಚಿಪ್ಪಿ. ದಕ್ಷಿಣ ಕನ್ನಡದವರು ಮರುವಾಯಿ ಎನ್ನುತ್ತಾರಲ್ಲ, ಅದೇ. ಕೊಂಕಣಿಯವರಿಗೆ ತಿಸ್ರೆ.) ಇಳಿತ ಶುರುವಾದ ಕೂಡಲೇ ಸೀರೆಯನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿ, ಬುಟ್ಟಿ ಹಿಡಿದು ಹೊಳೆಯ ನಡುವಿನ ದಿಬ್ಬಕ್ಕೆ ಹೋಗುತ್ತಿದ್ದಳು. ಅಲ್ಲಿ ಕಣ್ಣಿಗಿಂತ ಪಾದಕ್ಕೇ ಹೆಚ್ಚು ಕೆಲಸ. ಹಿಮ್ಮಡಿಯನ್ನು ಮರಳಿನಲ್ಲಿ ತಿರುವಿದಾಗ ದುಂಡಗೆ ತಾಗಿದರೆ ಬೆಳಚು, ಚುರುಕ್ಕೆಂದರೆ ಒಡೆದ ಚಿಪ್ಪು. ನನಗೂ ಆ ಪಾದ ಬಂದಿದೆ. ಪಾಠ ಹೇಳುವ ಕಾಲದಲ್ಲೂ ಭಾನುವಾರದ ಇಳಿತವನ್ನು ನಾನು ಬಿಟ್ಟವಳಲ್ಲ.

ಆಚೆ ವರ್ಷದ ದೀಪಾವಳಿ ಮುಗಿಯುತ್ತಿದ್ದಂತೆ ಹೂಳೆತ್ತುವ ಯಂತ್ರ ಬಂತು. ತೇಲುವ ತೆಪ್ಪದ ಮೇಲೆ ಎಂಜಿನ್, ಮುಂದೆ ನೆಲ ಕೊರೆಯುವ ಗಿರಗಟ್ಟೆಯಂತಹದು, ಹಿಂದೆ ಡ್ರಮ್ಮುಗಳ ಮೇಲೆ ತೇಲಿಸಿದ ಉದ್ದನೆಯ ಕೊಳವೆ. ದೋಣಿಗಳು ನಿಲ್ಲುವ ಧಕ್ಕೆಯ ಮುಂದಿನ ಹೂಳನ್ನು ಹೀರಿ, ಕೊಳವೆಯಲ್ಲಿ ತಂದು ನಮ್ಮ ದಿಬ್ಬದ ಮೇಲ್ಬದಿಗೆ ಸುರಿದರು. ಏಪ್ರಿಲ್‌ವರೆಗೆ ಹಗಲೂ ರಾತ್ರಿಯೂ ಅದೇ ಸದ್ದು. ನೀರು ಕೋಕಂ ಶರಬತ್ತಿಗೆ ಇದ್ದಿಲು ಕದಡಿದ ಹಾಗೆ.

ಈ ಸಂಕ್ರಾಂತಿಯ ಮರುದಿನ ದಿಬ್ಬಕ್ಕೆ ಹೋದೆ. ಮೊದಲು ಕಾಲಿಟ್ಟರೆ ಕರಕರ ಎನ್ನುತ್ತಿದ್ದ ಮರಳಿನಲ್ಲಿ ಈಗ ಕಣಕಾಲು ಹೂತು ಹೋಗುತ್ತದೆ. ಕಾಲು ಕಿತ್ತರೆ ಕೊಳೆತ ಮೊಟ್ಟೆಯ ವಾಸನೆ. ಎರಡು ಗಂಟೆ ತಿರುವಿದರೂ ಜೀವದ ಬೆಳಚು ಒಂದೂ ಸಿಗಲಿಲ್ಲ. ಕೈ ಹಾಕಿ ತೆಗೆದಾಗ ಸಿಕ್ಕವು ಸತ್ತವು: ಎರಡು ಚಿಪ್ಪೂ ಕೂಡಿಕೊಂಡೇ ಇವೆ, ನೆಟ್ಟಗೆ ನಿಂತ ಹಾಗೇ ಇವೆ, ಒಳಗೆ ಮಾಂಸದ ಬದಲು ಕಪ್ಪು ಕೆಸರು.

ಸಂಬಂಧಪಟ್ಟವರನ್ನು ಕೇಳಿದರೆ ಬಂದ ಉತ್ತರ: “ಮಳೆಗಾಲದ ನೆರೆಗೆ ಹೋಗಿವೆ. ನಾವು ಧಕ್ಕೆಯ ಹತ್ತಿರ ತೆಗೆದದ್ದು, ದಿಬ್ಬವನ್ನು ಮುಟ್ಟಿಯೇ ಇಲ್ಲ.” ಮುಟ್ಟಿಲ್ಲ ಎಂಬುದು ನಿಜವೂ ಹೌದು.

ನನ್ನ ಪ್ರಶ್ನೆ ಇಷ್ಟೇ. ಇದು ಯಂತ್ರದ ಕೆಲಸವೋ ನೆರೆಯ ಕೆಲಸವೋ ಎಂದು ಹೇಳುವುದಕ್ಕೆ ದಾರಿ ಇದೆಯೇ? ಬೆಳಚು ಮತ್ತೆ ಬರುತ್ತದೆಯೇ, ಬಂದರೆ ಎಷ್ಟು ವರ್ಷಕ್ಕೆ? ಈ ಸಲ ಗಾಳಕ್ಕೆ ಕಾಣೆ ಮೀನೂ ಕಡಿಮೆ. ಅದಕ್ಕೂ ಇದಕ್ಕೂ ನಂಟಿದೆಯೇ?

ಮೂರು ಸಿಲಿಂಡರ್:

ಅಕ್ಕೋರೆ, ನಿಮ್ಮ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಹೂಳೆತ್ತಬೇಡಿ ಎಂಬ ಮಾತು ಮಾತ್ರ ಎತ್ತಬೇಡಿ. ನನ್ನ ಭಾವನ ದೋಣಿ ಅಳಿವೆ ಬಾಗಿಲಿನ ಮರಳಿಗೆ ತಾಗಿ ಮಗುಚಿದ್ದನ್ನು ದಂಡೆಯ ಮೇಲೆ ನಿಂತು ನೋಡಿದವನು ನಾನು. ಮೂವರು ಈಜಿ ಬಂದರು, ಒಬ್ಬ ಬರಲಿಲ್ಲ. ಬಾಗಿಲು ಮುಚ್ಚಿದ್ದರೆ ಭರತ (ಉಬ್ಬರ) ಬರುವವರೆಗೆ ಹೊರಗೇ ಕಾಯಬೇಕು. ಐಸು ಕರಗುತ್ತದೆ, ಬಂಗಡೆಯ ಕಣ್ಣು ಕೆಂಪಾಗುತ್ತದೆ, ವ್ಯಾಪಾರಿ ಅರ್ಧ ದರ ಹೇಳುತ್ತಾನೆ. ಬೆಳಚು ಎರಡು ಮಳೆಗಾಲ ಕಳೆದರೆ ತಾನೇ ಬರುತ್ತದೆ.

ಇನ್ನೊಂದು ವಿಷಯ. ಉಗುರಿನಷ್ಟು ಚಿಕ್ಕದನ್ನೂ ಬಿಡದೆ ಚೀಲ ತುಂಬಿ ಲಾರಿಗೆ ಹಾಕುವವರು ನಮ್ಮವರೇ ಇದ್ದಾರೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೆಸರು ಜರಡಿ:

ಅಕ್ಕೋರೆ, ನಾನು ಕೊಚ್ಚಿಯ ಹಿನ್ನೀರಿನಲ್ಲಿ ನಾಲ್ಕು ವರ್ಷ ತಳದ ಕೆಸರನ್ನು ಮೇಲೆತ್ತಿ ಜರಡಿ ಹಿಡಿದವನು. ಮೂಲ ಕುಮಟಾ. ಮನೆಯಲ್ಲಿ ಇವತ್ತಿಗೂ “ಇವನಿಗೆ ಕೆಸರು ತೊಳೆಯುವ ನೌಕರಿ” ಎಂದೇ ಪರಿಚಯ ಮಾಡಿಸುತ್ತಾರೆ. ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಎರಡು ಚಿಪ್ಪೂ ಕೂಡಿಕೊಂಡು, ನಿಂತ ಹಾಗೇ, ಒಳಗೆ ಕೆಸರು ತುಂಬಿತ್ತು ಎಂದಿರಲ್ಲ, ಆ ಸಾಲನ್ನು ನಾನು ಎರಡು ಸಲ ಓದಿದೆ. ನೆರೆ ಕೊಚ್ಚಿಕೊಂಡು ಹೋಗಿದ್ದರೆ ಚಿಪ್ಪುಗಳು ಬಿಡಿಬಿಡಿಯಾಗಿ, ಬೋರಲಾಗಿ, ಎಲ್ಲೋ ಒಂದು ತಿರುವಿನಲ್ಲಿ ರಾಶಿ ಬಿದ್ದಿರುತ್ತಿದ್ದವು. ನಿಂತಲ್ಲೇ ಸತ್ತಿವೆ ಎಂದರೆ ಉಸಿರು ಕಟ್ಟಿ ಸತ್ತಿವೆ, ಇಲ್ಲವೇ ಸಿಹಿನೀರು ತಾಳದೆ ಸತ್ತಿವೆ. ಎರಡಕ್ಕೂ ಚಿಪ್ಪು ಒಂದೇ ರೀತಿ ಕಾಣುತ್ತದೆ, ಆದ್ದರಿಂದ ಅದೊಂದನ್ನೇ ಹಿಡಿದು ತೀರ್ಪು ಕೊಡಲಾಗದು. ಆ ಸತ್ತ ಚಿಪ್ಪಿನ ಮೇಲೆ ಎಷ್ಟು ದಪ್ಪದ ಕೆಸರಿದೆ ಎಂಬುದೇ ಮುಖ್ಯ. ಬೆಳಚು ಮರಳಿನೊಳಗೆ ಹೂತು ಕುಳಿತು ಎರಡು ಪುಟ್ಟ ಕೊಳವೆಗಳನ್ನು ಮೇಲಕ್ಕೆ ಚಾಚುತ್ತದೆ. ಒಂದರಲ್ಲಿ ನೀರು ಎಳೆದುಕೊಂಡು, ಅದರಲ್ಲಿರುವ ಪಾಚಿಯನ್ನು ಸೋಸಿ ತಿಂದು, ಇನ್ನೊಂದರಲ್ಲಿ ಹೊರಗೆ ಬಿಡುತ್ತದೆ. ನಮ್ಮ ಕಡೆಯ ಮುಖ್ಯ ಜಾತಿಯ ಕೊಳವೆ ಬಹಳ ಮೋಟು. ಇಂಗ್ಲಿಷಿನಲ್ಲಿ ಅದಕ್ಕೆ ಗಿಡ್ಡ ಕತ್ತಿನ ಚಿಪ್ಪಿ ಎಂದೇ ಹೆಸರು. ಒಂದೆರಡು ಬೆರಳು ದಪ್ಪ ಹೂಳು ಬಿದ್ದರೆ ಪಾದ ಊರಿ ಮೇಲೇರಿ ಬರುತ್ತದೆ. ಗೇಣುಗಟ್ಟಲೆ ಬಿದ್ದರೆ ಬರಲಾರದು. “ದಿಬ್ಬವನ್ನು ಮುಟ್ಟಿಲ್ಲ” ಎಂದವರು ಸುಳ್ಳು ಹೇಳಿಲ್ಲ, ಆದರೆ ಅಳಿವೆಯಲ್ಲಿ ಕೊಲ್ಲುವುದಕ್ಕೆ ಮುಟ್ಟಲೇಬೇಕೆಂದಿಲ್ಲ.

ಯಂತ್ರ ನೆಲ ಕೊರೆದ ಜಾಗದಲ್ಲಿ ಏನಾಗುತ್ತದೆ ಎಂಬುದು ಚೆನ್ನಾಗಿ ಗೊತ್ತಿರುವ ವಿಷಯ. ತಳದ ಪ್ರಾಣಿಗಳಲ್ಲಿ ಬಹುಪಾಲು ಮೇಲಿನ ಒಂದು ಗೇಣಿನೊಳಗೇ ಬದುಕುವಂಥವು. ಆ ಗೇಣು ಹೋದರೆ ಊರೇ ಹೋದಂತೆ. 1998ರಲ್ಲಿ ನ್ಯೂವೆಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ, ಹೂಳೆತ್ತಿದ ಕಡೆ ಜಾತಿಗಳ ಸಂಖ್ಯೆ ಶೇ 30ರಿಂದ 70ರಷ್ಟು, ತಲೆಗಳ (ಒಟ್ಟು ಪ್ರಾಣಿಗಳ) ಸಂಖ್ಯೆ ಶೇ 40ರಿಂದ 95ರಷ್ಟು ಇಳಿದಿತ್ತು. ಚೇತರಿಕೆಗೆ ಅಳಿವೆಯ ಕೆಸರಿನಲ್ಲಿ 6ರಿಂದ 8 ತಿಂಗಳು, ಮರಳು ಜಲ್ಲಿಯಲ್ಲಿ 2ರಿಂದ 3 ವರ್ಷ ಎಂದೂ ಅವರು ಬರೆದರು. ಗುತ್ತಿಗೆಯ ವರದಿಗಳಲ್ಲಿ ಮೊದಲನೆಯ ಅಂಕಿ ಮಾತ್ರ ಬಹಳ ಜನಪ್ರಿಯ!

ಆದರೆ ‘ಚೇತರಿಕೆ’ ಎಂಬ ಪದವನ್ನು ಸ್ವಲ್ಪ ಅಲುಗಾಡಿಸಿ ನೋಡಬೇಕು. ಗುಡ್ಡಕ್ಕೆ ಬೆಂಕಿ ಬಿದ್ದ ಮರುವರ್ಷ ಹಸಿರು ಬಂದೇ ಬರುತ್ತದೆ: ಹುಲ್ಲು, ಕಮ್ಯುನಿಸ್ಟ್ ಗಿಡ. ಅದನ್ನು ಯಾರೂ ಕಾಡು ಎನ್ನುವುದಿಲ್ಲ. ಕೆಸರಿನಲ್ಲೂ ಹಾಗೆಯೇ. ಮೊದಲು ಬರುವುದು ದಾರದೆಳೆಯಂತಹ ಕೆಂಪು ಹುಳುಗಳು. ಅವುಗಳಲ್ಲಿ ಕ್ಯಾಪಿಟೆಲ್ಲಾ ಎಂಬುದು ಜಗತ್ತಿನ ಎಲ್ಲ ಬಂದರುಗಳಲ್ಲೂ ಕುಖ್ಯಾತ. ಬೇಗ ಹುಟ್ಟಿ, ಬೇಗ ಮರಿ ಹಾಕಿ, ಬೇಗ ಸಾಯುತ್ತವೆ. ಗಾಳಿಯಾಡದ ಕಪ್ಪು ಕೆಸರು ಅವುಗಳಿಗೆ ತವರುಮನೆ. ಆಮೇಲೆ ಸಣ್ಣ ಸೀಗಡಿಯಂತಹ ಜೀವಿಗಳು, ಕೊಳವೆ ಕಟ್ಟಿಕೊಂಡಿರುವ ಹುಳುಗಳು. ಆಳಕ್ಕೆ ಬಿಲ ತೋಡಿ ಕೆಸರಿಗೆ ಗಾಳಿ ಊಡುವ ದೊಡ್ಡ ಹುಳುಗಳು ಮತ್ತು ಚಿಪ್ಪಿಗಳು ಕೊನೆಗೆ. 1978ರಲ್ಲಿ ಪಿಯರ್ಸನ್ ಮತ್ತು ರೋಸೆನ್‌ಬರ್ಗ್ ಈ ಸರದಿಯನ್ನು ಚಿತ್ರ ಬಿಡಿಸಿ ತೋರಿಸಿದ್ದು ಇಂದಿಗೂ ಪಾಠದಲ್ಲಿದೆ. ಎಂಟು ತಿಂಗಳಿಗೆ ತಲೆಗಳ ಲೆಕ್ಕ ಹಾಕಿದರೆ ಮೊದಲಿಗಿಂತ ಹೆಚ್ಚೇ ಸಿಗಬಹುದು. ಯಾವ ತಲೆಗಳು ಎಂದು ಕೇಳಬೇಕು.

ಕೊಚ್ಚಿಯಲ್ಲಿ ನಾನು ಕಂಡದ್ದು ಇದನ್ನೇ. ಅಲ್ಲಿ ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಳಿವೆ ಬಾಗಿಲಿನ ದಿಬ್ಬವನ್ನು ಕಡಿದು 1928ರಲ್ಲಿ ದೊಡ್ಡ ಹಡಗುಗಳಿಗೆ ದಾರಿ ಮಾಡಿದರು. ತೆಗೆದ ಮಣ್ಣಿನಿಂದಲೇ ವಿಲಿಂಗ್ಡನ್ ದ್ವೀಪ ಎದ್ದಿತು. 2011ರಲ್ಲಿ ವಲ್ಲಾರ್‌ಪಾಡಂ ಕಂಟೇನರ್ ನಿಲ್ದಾಣ ಶುರುವಾದ ಮೇಲೆ ಕಾಲುವೆ ಇನ್ನೂ ಆಳ, 14.5 ಮೀಟರ್. ಹೊಳೆ ಅದನ್ನು ತುಂಬುತ್ತಲೇ ಇರುತ್ತದೆ, ಯಂತ್ರ ತೆಗೆಯುತ್ತಲೇ ಇರುತ್ತದೆ. ನಮ್ಮ ಗ್ರಾಬ್ ಎರಡು ಬೊಗಸೆ ಜೋಡಿಸಿದಂತಹ ಕಬ್ಬಿಣದ ಬಾಯಿ. ತಳಕ್ಕೆ ತಾಗಿದೊಡನೆ ಮುಚ್ಚಿಕೊಂಡು ಒಂದು ತುತ್ತು ಕೆಸರು ತರುತ್ತದೆ. ಕಾಲುವೆಯ ನಡುವೆ ಇಳಿಸಿದರೆ ನುಣ್ಣಗಿನ ಸಗಣಿಯಂತಹ ಕೆಸರು. ಜರಡಿಯಲ್ಲಿ ತೊಳೆದರೆ ಉಳಿಯುವುದು ಹತ್ತಿಪ್ಪತ್ತು ಕೆಂಪು ಎಳೆಗಳು, ಒಂದೆರಡು ಪ್ಲಾಸ್ಟಿಕ್ ಚೂರು. ದೋಣಿಯನ್ನು ಅರ್ಧ ಗಂಟೆ ಒಳಕ್ಕೆ ನಡೆಸಿ ಮತ್ತೆ ಇಳಿಸಿದರೆ ಚಿಪ್ಪಿ, ಪುಟ್ಟ ಏಡಿ, ಕೊಳವೆಹುಳು ಎಲ್ಲ ಬರುತ್ತಿದ್ದವು. ವರ್ಷ ವರ್ಷವೂ ತಪ್ಪದೆ ಹೂಳೆತ್ತುವ ಕಡೆ ಸರದಿ ಮೊದಲ ಮೆಟ್ಟಿಲು ದಾಟುವುದೇ ಇಲ್ಲ.

ಈಗ ನಮ್ಮ ಮಳೆಗಾಲದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ನೀರು ಬಂದು ಅಳಿವೆಯ ಉಪ್ಪನ್ನೆಲ್ಲ ತೊಳೆಯುತ್ತದೆ. ಬೆಳಚು ಪ್ರತಿ ವರ್ಷ ಒಂದಷ್ಟು ಸಾಯುವುದು ನಿಜ, ಆ ಮಟ್ಟಿಗೆ ನಿಮಗೆ ಸಿಕ್ಕ ಉತ್ತರ ಪೂರ್ತಿ ಕಟ್ಟುಕತೆಯಲ್ಲ. ನಮ್ಮ ಅಳಿವೆಯ ಜೀವಿಗಳು ವರ್ಷಕ್ಕೊಮ್ಮೆ ಮನೆ ಕಳೆದುಕೊಂಡು ಮತ್ತೆ ಕಟ್ಟಿಕೊಳ್ಳುವಂಥವು. ಯುರೋಪಿನ ಅಳಿವೆಯ ಅಂಕಿಗಳನ್ನು ಇಲ್ಲಿಗೆ ಹಾಗೇ ಎತ್ತಿ ತರಬಾರದು ಎಂದು ನಾನು ಹೇಳುವುದು ಅದಕ್ಕೇ. ಉಪ್ಪು ಮರಳಿದ ಮೇಲೆ, ನವರಾತ್ರಿಯ ಆಸುಪಾಸಿನಿಂದ, ಉಳಿದ ಬೆಳಚುಗಳು ಮರಿ ಮಾಡುತ್ತವೆ. ಕಣ್ಣಿಗೆ ಕಾಣದ ಮರಿಗಳು ಸುಮಾರು ಎರಡು ವಾರ ನೀರಿನಲ್ಲಿ ತೇಲಿ, ಒಪ್ಪುವ ಮರಳು ಸಿಕ್ಕರೆ ಕೂರುತ್ತವೆ. ಮನೆ ಕಟ್ಟುವ ಆ ತಿಂಗಳುಗಳಲ್ಲೇ ಯಂತ್ರ ಬರುತ್ತದೆ, ಏಕೆಂದರೆ ಕಡಲು ಶಾಂತವಾಗುವುದೂ ಆಗಲೇ. ನೆರೆಗೆ ಒಗ್ಗಿಕೊಂಡ ಪ್ರಾಣಿಗೆ ನೆರೆ ಮುಗಿದ ಮೇಲೆ ಬೀಳುವ ಪೆಟ್ಟಿನ ಅಭ್ಯಾಸವಿಲ್ಲ. ಕೊಲ್ಲಂ ಬಳಿಯ ಅಷ್ಟಮುಡಿಯಲ್ಲಿ ಇದೇ ಜಾತಿಯ ಬೆಳಚಿಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೆಕ್ಕುವವರೇ ಕೈ ಕಟ್ಟಿ ಕೂರುತ್ತಾರೆ. ಆ ಶಿಸ್ತಿಗಾಗಿ 2014ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ಸಿಕ್ಕಿತು, ಭಾರತದ ಮೀನುಗಾರಿಕೆಗೆ ಅದು ಮೊದಲನೆಯದು. ನಿಮ್ಮಲ್ಲಿ ಅದೇ ಮೂರು ತಿಂಗಳು ಯಂತ್ರ ಹಗಲೂ ರಾತ್ರಿ ನಡೆದಿದೆ.

ಕಾಣೆಯ ಬಗ್ಗೆ ಕೇಳಿದಿರಿ. ಕಾಣೆ ತಳಕ್ಕೆ ಮೂತಿ ಹಾಕಿ ಹುಳು, ಸಣ್ಣ ಸೀಗಡಿಗಳನ್ನು ಹೆಕ್ಕಿ ತಿನ್ನುವ ಮೀನು, ಮರಳು ನೆಲವೇ ಅದಕ್ಕೆ ಇಷ್ಟ. ನಂಟು ಇರುವುದು ಸಹಜ. ಆದರೆ ಮೀನಿಗೆ ಈಜಿ ಬೇರೆ ಕಡೆ ಹೋಗಲು ಬರುತ್ತದೆ, ಅದನ್ನು ಸಾಕ್ಷಿಯಾಗಿ ಹಿಡಿಯಬೇಡಿ.

ಮೂರು ಸಿಲಿಂಡರ್ ಅಣ್ಣ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನೀವು ಹೇಳುತ್ತಿರುವುದು ಅಳಿವೆ ಬಾಗಿಲಿನ ಮರಳು. ಅಲೆ ದಿನಕ್ಕೆ ನೂರು ಸಲ ಮಗುಚಿ ಹಾಕುವ ಜಾಗ ಅದು. ಅಲ್ಲಿ ಬದುಕುವುದೇ ಕೆಲವು ಗಟ್ಟಿ ಜೀವಿಗಳು, ಅಂತಹ ಕಡೆ ತೆಗೆದರೆ ಬೇಗ ತುಂಬಿಕೊಳ್ಳುತ್ತವೆ. ಅಕ್ಕೋರು ಹೇಳುತ್ತಿರುವುದು ಒಳಗಿನ ಧಕ್ಕೆಯ ಕಪ್ಪು ಕೆಸರನ್ನು ತಂದು ಬೆಳಚಿನ ಹಾಸಿನ ಮೇಲೆ ಸುರಿದದ್ದು. ಬಾಗಿಲು ತೆರೆಯಿರಿ, ಆದರೆ ಕೊಳವೆಯ ಬಾಯಿ ಬೇರೆ ಕಡೆ ಇಡಿ ಎಂದರೆ ನಿಮ್ಮಿಬ್ಬರಿಗೂ ಜಗಳವಿಲ್ಲ.

ಮೂರು ಸಿಲಿಂಡರ್:

ಕೊಳವೆಯ ಬಾಯಿ ಎಲ್ಲಿ ಇಡಬೇಕೆಂದು ನಮ್ಮನ್ನು ಯಾರೂ ಕೇಳಲಿಲ್ಲ. ಕೊಳವೆ ಉದ್ದ ಹಾಕಿದಷ್ಟೂ ಡೀಸೆಲ್ ಖರ್ಚು, ಅದಕ್ಕೆ ಹತ್ತಿರದಲ್ಲೇ ಸುರಿದಿರಬೇಕು. ಅಷ್ಟಂತೂ ನನಗೂ ಗೊತ್ತು.

ಲಿಂಗನಮಕ್ಕಿಯ ಕೆಳಗೆ:

ಹೊನ್ನಾವರದಿಂದ ಒಂದು ಮಾತು. ನಮ್ಮ ಶರಾವತಿಯ ಬೆಳಚು ಕಡಿಮೆಯಾಗಲು ಹೂಳೆತ್ತುವ ಯಂತ್ರ ಬೇಕಾಗಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ವಿದ್ಯುತ್ ತಯಾರಿಸಿದ ಸಿಹಿನೀರು ಬೇಸಿಗೆಯಲ್ಲೂ ಹೊಳೆಗೆ ಬರುತ್ತಲೇ ಇರುತ್ತದೆ, ಉಪ್ಪು ಮೊದಲಿನಷ್ಟು ಒಳಗೆ ಏರುವುದೇ ಇಲ್ಲ. ಅಜ್ಜಿ ಹೇಳುತ್ತಿದ್ದ ಚಿಪ್ಪಿಗಳ ಹೆಸರುಗಳಲ್ಲಿ ಅರ್ಧವನ್ನು ನಾನು ಕಣ್ಣಿನಿಂದ ನೋಡಿಲ್ಲ. ಬೆಳಚಿನ ಸಾರು ಮಾಡಬೇಕೆಂದರೆ ಅಘನಾಶಿನಿಯ ಕಡೆಯಿಂದ ಬಂದದ್ದನ್ನು ಕೊಳ್ಳುತ್ತೇವೆ. ಅದಕ್ಕೆ ಅಣೆಕಟ್ಟಿಲ್ಲ. 2024ರ ಜನವರಿಯಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಇದನ್ನು ಏಕೆ ಬರೆದೆ ಎಂದರೆ, ಹೊಳೆಯನ್ನು ಆಳ ಮಾಡಿದರೆ ಇದರ ತಿರುಗುಮುರುಗು ಆಗಬಹುದು: ಉಪ್ಪು ಇನ್ನೂ ಮೇಲಕ್ಕೆ ಏರುತ್ತದೆ. ಅಕ್ಕೋರೆ, ನಿಮ್ಮ ಕಡೆ ಉಪ್ಪುನೀರು ಹತ್ತುವ ಗಜನಿ ಗದ್ದೆ, ದಂಡೆಯ ಬಾವಿ ಇದ್ದರೆ ಅದರ ನೀರನ್ನೂ ಬೇಸಿಗೆಯಲ್ಲಿ ನಾಲಿಗೆಗೆ ಹಚ್ಚಿ ನೋಡಿ.

ಹ್ರೋನಿಂಗನ್‌ನ ಕನ್ನಡಿಗ:

ನಾನು ಇರುವುದು ನೆದರ್ಲೆಂಡ್ಸ್‌ನ ಉತ್ತರ ತುದಿಯಲ್ಲಿ. ಪಕ್ಕದಲ್ಲೇ ಜರ್ಮನಿಯ ಗಡಿಯಲ್ಲಿ ಎಮ್ಸ್ ಎಂಬ ಅಳಿವೆ ಇದೆ. ಕಡಲಿನಿಂದ ಬಹಳ ಒಳಗಿರುವ ಪಾಪೆನ್‌ಬುರ್ಗ್‌ನಲ್ಲಿ ಕಟ್ಟುವ ಭಾರಿ ವಿಹಾರ ಹಡಗುಗಳು ಹೊರಬರಲೆಂದು ಹೊಳೆಯನ್ನು ಆಳ ಮಾಡುತ್ತ ಬಂದರು. ಉಬ್ಬರದ ನೀರು ಹೆಚ್ಚು ಜೋರಾಗಿ ಒಳನುಗ್ಗಿ ಕೆಸರನ್ನು ಮೇಲಕ್ಕೆ ತಂದು ಬಿಡತೊಡಗಿತು. ಈಗ ತಳದಲ್ಲಿ ನೀರೂ ಅಲ್ಲದ ನೆಲವೂ ಅಲ್ಲದ ಒಂದು ಪದರವಿದೆ, ಅಂಬಲಿಯ ಹಾಗೆ. ಬೇಸಿಗೆಯಲ್ಲಿ ಅದರೊಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಇಳಿಯುತ್ತದೆ, ತಳದ ಪ್ರಾಣಿಗಳಿಗೆ ಊರಲು ನೆಲವೇ ಸಿಗುವುದಿಲ್ಲ. ನಿಮ್ಮದು ಅಷ್ಟು ಕೆಟ್ಟಿಲ್ಲ. ಕಾಲು ಹೂಳುತ್ತದೆ ಎಂದರೆ ಕೆಳಗೆ ನೆಲ ಇದೆ ಎಂದಾಯಿತು.

ಹೊಳೆಬದಿ ಅಕ್ಕೋರು:

ಎಲ್ಲರಿಗೂ ವಂದನೆಗಳು. ಕೆಸರು ಜರಡಿಯವರೆ, ಕೆಸರಿನ ದಪ್ಪ ನೋಡುವುದು, ತಲೆ ಎಣಿಸುವುದು, ಇವನ್ನು ನಾವು ಮಾಡಬಹುದೇ? ನನ್ನ ಬಳಿ ಗ್ರಾಬ್ ಇಲ್ಲ. ಎರಡು ಒಳ್ಳೆಯ ಗುದ್ದಲಿ, ಹಳೆಯ ವಿದ್ಯಾರ್ಥಿಗಳ ಒಂದು ದಂಡು ಇದೆ.

ಕೆಸರು ಜರಡಿ:

ಧಾರಾಳವಾಗಿ ಮಾಡಬಹುದು. ಇಳಿತದಲ್ಲಿ ಬತ್ತುವ ದಿಬ್ಬಕ್ಕೆ ಗ್ರಾಬ್ ಬೇಕಾಗಿಯೂ ಇಲ್ಲ. ನಾಲ್ಕು ಕೋಲು ಬಡಿದು ಒಳಗಡೆ 25 ಸೆಂಟಿಮೀಟರ್ ಚೌಕ ಬರುವಂತೆ ಒಂದು ಕಟ್ಟು ಮಾಡಿಕೊಳ್ಳಿ. ಅಮಾವಾಸ್ಯೆಯ ದೊಡ್ಡ ಇಳಿತದ ದಿನ ದಿಬ್ಬದ ಐದು ಕಡೆ ಅದನ್ನು ಒಗೆದು, ಬಿದ್ದಲ್ಲೇ ಒಂದು ಗೇಣು ಆಳದವರೆಗೆ ತೆಗೆಯಿರಿ. ಬೆಳಚು ಇರುವ ಹಾಗೆ ಕಾಣುವ ಕಡೆ ಆರಿಸಿ ಇಡಬೇಡಿ, ಕೈ ಆಸೆ ಪಡುತ್ತದೆ. ಅಕ್ಕಿ ಜರಡಿ ಬೇಡ, ತೂತು ದೊಡ್ಡದು. ರವೆ ಜರಡಿ ಸರಿ. ಹೊಳೆಯ ನೀರಿನಲ್ಲೇ ಮೆಲ್ಲಗೆ ತೊಳೆಯಿರಿ, ಉಜ್ಜಿದರೆ ಹುಳು ತುಂಡಾಗಿ ಒಂದು ಇದ್ದದ್ದು ಮೂರಾಗುತ್ತದೆ. ಹೂಳು ಬೀಳದ ಇನ್ನೊಂದು ದಿಬ್ಬ ಹೊಳೆಯ ಮೇಲ್ಗಡೆ ಇದ್ದರೆ ಅಲ್ಲಿಯೂ ಅಷ್ಟೇ ಮಾಡಿ. ನೆರೆ ಎರಡು ದಿಬ್ಬಕ್ಕೂ ಬಂದಿದೆ, ಕೊಳವೆ ಒಂದಕ್ಕೆ ಮಾತ್ರ. ನಿಮ್ಮ ಪ್ರಶ್ನೆಗೆ ಉತ್ತರ ಹೇಳುವುದು ಆ ಎರಡನೆಯ ದಿಬ್ಬ.

ಒಂದೇ ಕೊರತೆ: ಯಂತ್ರ ಬರುವ ಮೊದಲಿನ ಎಣಿಕೆ ನಮ್ಮ ಬಳಿ ಇಲ್ಲ.

ಹೊಳೆಬದಿ ಅಕ್ಕೋರು:

ಅಮಾವಾಸ್ಯೆಗೆ ಹೋಗಿ ಬಂದೆವು. ಏಳು ಮಂದಿ, ಒಂದು ರವೆ ಜರಡಿ (ಈಗ ಅದು ರವೆಗೆ ಬರುವುದಿಲ್ಲ, ಸೊಸೆ ಹೊಸದು ತಂದಿದ್ದಾಳೆ). ಮೂರು ಸಿಲಿಂಡರ್ ಅವರೇ ತಮ್ಮ ಸಣ್ಣ ದೋಣಿಯಲ್ಲಿ ಮೇಲಿನ ದಿಬ್ಬಕ್ಕೆ ಬಿಟ್ಟರು ಎಂಬುದನ್ನು ಇಲ್ಲಿ ಹೇಳಲೇಬೇಕು. ಇಬ್ಬರೂ ಒಂದೇ ಊರಿನವರು ಎಂದು ಗೊತ್ತಾದದ್ದು ಬಂಗಡೆಯ ಕಣ್ಣಿನ ಮಾತಿನಿಂದ.

ನಮ್ಮ ದಿಬ್ಬದಲ್ಲಿ ಐದು ಚೌಕದಿಂದ ಬೆಳಚು ಎರಡು, ಎರಡೂ ಹೆಸರುಕಾಳಿನಷ್ಟು. ಕೆಂಪು ದಾರದ ಹುಳು ಎಣಿಸಿ ಎಣಿಸಿ ಮುನ್ನೂರಕ್ಕೆ ಕೈಬಿಟ್ಟೆ. ನೀವು ಹೇಳಿದ ತವರುಮನೆ ಇದೇ ಇರಬೇಕು. ಗುದ್ದಲಿಯಿಂದ ಒಂದು ಕಡೆ ನೆಟ್ಟಗೆ ಕಡಿದು ನೋಡಿದೆವು. ಮೇಲೆ ಒಂದು ಗೇಣಿಗಿಂತ ತುಸು ಹೆಚ್ಚು ಕಪ್ಪು ಕೆಸರು, ಅದರ ಕೆಳಗೆ ಚಾಕುವಿನಿಂದ ಗೆರೆ ಎಳೆದ ಹಾಗೆ ನಮ್ಮ ಹಳೆಯ ಹೊಂಬಣ್ಣದ ಮರಳು. ಆ ಗೆರೆಯ ಕೆಳಗೆ, ಮರಳಿನಲ್ಲಿ, ಸಾಲಾಗಿ ನಿಂತ ಸತ್ತ ಬೆಳಚು. ಒಂದೆರಡು ಮಾತ್ರ ಗೆರೆ ದಾಟಿ ಎರಡು ಬೆರಳು ಮೇಲಕ್ಕೆ ಬಂದಿದ್ದವು. ಅಷ್ಟು ದೂರ ಬಂದು ನಿಂತಿವೆ. ಹುಡುಗರಲ್ಲಿ ಒಬ್ಬ ಮೊಬೈಲಿನಲ್ಲಿ ಚಿತ್ರ ತೆಗೆದ, ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮೇಲಿನ ದಿಬ್ಬದಲ್ಲಿ ಐದು ಚೌಕಕ್ಕೆ ಬೆಳಚು ಇಪ್ಪತ್ತಾರು: ಚಿಕ್ಕವು, ಮಧ್ಯದವು, ಅಮ್ಮ ಬುಟ್ಟಿಗೆ ಹಾಕುತ್ತಿದ್ದ ಗಾತ್ರದವು ನಾಲ್ಕು. ಪುಟ್ಟ ಏಡಿಗಳು, ಗಾಳಕ್ಕೆ ಹಾಕುವಂತಹ ದಪ್ಪ ಹುಳುಗಳೂ ಇದ್ದವು. ಕೆಂಪು ದಾರ ಹತ್ತೂ ಇರಲಿಲ್ಲ.

ಹಿಂದಿನ ಎಣಿಕೆ ಇಲ್ಲ ಎಂದಿರಿ. ಅಮ್ಮ ಗೋಡೆಯ ಕ್ಯಾಲೆಂಡರಿನ ಮನೆಗಳಲ್ಲಿ ದಿನಕ್ಕೆ ಎಷ್ಟು ಬುಟ್ಟಿ ಎಂದು ಗೀಟು ಹಾಕುತ್ತಿದ್ದಳು, ಓದು ಬರಹ ಬಾರದವಳು. ಹನ್ನೊಂದು ವರ್ಷದ ಕ್ಯಾಲೆಂಡರುಗಳು ಅಟ್ಟದಲ್ಲಿವೆ. ಅವು ಎಣಿಕೆ ಆಗುತ್ತವೆಯೇ? ಶಿವರಾತ್ರಿಯ ನಂತರ ಯಂತ್ರ ಮತ್ತೆ ಬರುತ್ತದೆ ಎಂಬ ಸುದ್ದಿಯೂ ಇದೆ. ಸಿಕ್ಕ ಹುಳುಗಳನ್ನು ಒಂದು ಬಾಟಲಿಯಲ್ಲಿ ಉಪ್ಪುನೀರು ಹಾಕಿ ಇಟ್ಟಿದ್ದೇನೆ, ವಾಸನೆ ಶುರುವಾಗಿದೆ.

ಕೆಸರು ಜರಡಿ:

ಆಗುತ್ತವೆ! ಒಂದು ಇಳಿತಕ್ಕೆ ಒಬ್ಬರ ಕೈಗೆ ಎಷ್ಟು ಬುಟ್ಟಿ ಎಂಬುದು ಮೀನುಗಾರಿಕೆಯವರು ಬಳಸುವ ಅಳತೆಯೇ. ಕ್ಯಾಲೆಂಡರುಗಳ ಪ್ರತಿ ಹಾಳೆಯನ್ನೂ ಚಿತ್ರ ತೆಗೆದಿಡಿ, ಗೆದ್ದಲು ನಿಮಗಿಂತ ಮೊದಲು ಓದದಿರಲಿ.

ಆ ಗೆರೆಯ ಚಿತ್ರವನ್ನು ಅರ್ಜಿಯ ಮೊದಲ ಪುಟಕ್ಕೆ ಹಾಕಿ, ಎರಡು ದಿಬ್ಬಗಳ ಎಣಿಕೆಯನ್ನು ಅದರ ಕೆಳಗೆ. ಹೂಳೆತ್ತುವುದನ್ನು ನಿಲ್ಲಿಸಿ ಎಂದು ಬರೆಯಬೇಡಿ. ಕೊಳವೆಯ ಬಾಯಿ ದಿಬ್ಬದ ಕಡೆ ಬೇಡ, ಕೆಸರನ್ನು ದಂಡೆಯ ಮೇಲೆ ಒಡ್ಡು ಕಟ್ಟಿ ತಂಗಿಸಿ, ತಿಳಿನೀರು ಮಾತ್ರ ಹೊಳೆಗೆ ಬಿಡಿ ಎಂದು ಕೇಳಿ. ಮೂರು ಸಿಲಿಂಡರ್ ಅಣ್ಣನ ಸಹಿ ನಿಮ್ಮ ಸಹಿಯ ಪಕ್ಕದಲ್ಲೇ ಇರಲಿ.

ಬರುತ್ತದೆಯೇ ಎಂಬ ಪ್ರಶ್ನೆಗೆ: ಹೆಸರುಕಾಳಿನಷ್ಟು ಎರಡು ಸಿಕ್ಕಿವೆ ಎಂದರೆ ಮರಿಗಳು ದಿಬ್ಬಕ್ಕೆ ಬರುತ್ತಿವೆ, ಮೇಲಿನ ದಿಬ್ಬ ಬೀಜದ ಕಣಜವಾಗಿ ಉಳಿದಿದೆ. ಅಲ್ಲಿಂದ ಈ ವರ್ಷ ಹೆಚ್ಚು ಹೆಕ್ಕಬೇಡಿ ಎಂದು ಊರಿನವರಿಗೆ ಹೇಳಿ. ಒಂದು ಮಳೆಗಾಲ ಕಳೆದೂ ಗೇಣು ಕೆಸರು ಉಳಿದಿದೆ. ಮುಂದಿನ ನೆರೆ ಅದನ್ನು ಎಷ್ಟು ಒಯ್ಯುತ್ತದೆ ಎಂಬುದರ ಮೇಲೆ ಉಳಿದದ್ದು. ಮರಳು ಮತ್ತೆ ಮೇಲೆ ಬಂದರೆ ಎರಡು ಮೂರು ವರ್ಷ. ಶಿವರಾತ್ರಿಗೆ ಕೊಳವೆ ಮತ್ತೆ ಅಲ್ಲಿಗೇ ಬಂದರೆ ಲೆಕ್ಕ ಸೊನ್ನೆಯಿಂದ.

ಉಪ್ಪುನೀರಿನ ಬಾಟಲಿಯನ್ನು ಇವತ್ತೇ ಚೆಲ್ಲಿ. ನಾವು ಫಾರ್ಮಲಿನ್ ಬಳಸುತ್ತೇವೆ, ಮಕ್ಕಳಿರುವ ಮನೆಗೆ ಅದು ಬೇಡ. ಔಷಧದ ಅಂಗಡಿಯ ಸ್ಪಿರಿಟ್ ಸಾಕು. ಜಾಗ, ದಿನ, ಚೌಕದ ಸಂಖ್ಯೆ ಬರೆದ ಚೀಟಿಯನ್ನು ಬಾಟಲಿಯ ಒಳಗೇ ಹಾಕಿ, ಆದರೆ ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಬಿಟ್ಟುಕೊಳ್ಳುತ್ತದೆ. ನನ್ನ ಮೊದಲ ವರ್ಷದ ನಲವತ್ತು ಬಾಟಲಿಗಳಲ್ಲಿ ಕೊನೆಗೆ ಉಳಿದದ್ದು ನೀಲಿ ನೀರು ಮತ್ತು ಎಲ್ಲಿಯವೋ ಗೊತ್ತಿಲ್ಲದ ಹುಳುಗಳು.